ಜೋಳದ ಋಣ: ವಾಡೆಯ ಅಡುಗೆಮನೆಯ ದುಡಿಮೆ ಬರಹಕ್ಕೆ ಬಂದ ದಾರಿ

ಹಳಗನ್ನಡದಲ್ಲಿ ‘ಜೋಳವಾಳಿ’ ಎಂಬ ಮಾತಿದೆ. ಒಡೆಯನ ಜೋಳ ಉಂಡವನು ಆ ಜೋಳದ ಋಣಕ್ಕೆ ಪ್ರಾಣವನ್ನೂ ಕೊಡಬೇಕೆಂಬ ಕಟ್ಟಳೆಗೆ ಆ ಹೆಸರು. ಹಳೆಯ ಕಾವ್ಯಗಳಲ್ಲಿ ವೀರರು ಈ ಋಣದ ಮಾತಾಡುತ್ತಾರೆ. ಹಾಗೆ ಸತ್ತವರಿಗೆ ಊರೂರಲ್ಲಿ ವೀರಗಲ್ಲುಗಳು ನಿಂತಿವೆ. ಎಂ. ಚಿದಾನಂದಮೂರ್ತಿಯವರ ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’ (1966) ವೇಳೆವಾಳಿ, ಲೆಂಕ, ಗರುಡ ಎಂಬ ಹೆಸರುಗಳಲ್ಲಿ ಒಡೆಯನೊಡನೆ ಪ್ರಾಣ ಬಿಟ್ಟವರ ಲೋಕವನ್ನು ನಮ್ಮ ಮುಂದೆ ತೆರೆದಿಟ್ಟಿತು. ಸ್ವಾಮಿನಿಷ್ಠೆಯ ಬಗ್ಗೆ ಕನ್ನಡದಲ್ಲಿ ನಡೆದ ಗಂಭೀರ ಓದಿಗೆ ಅದು ಇಂದಿಗೂ ಬುನಾದಿ.

ಆ ಜೋಳವನ್ನು ಬೀಸಿದವಳು ಯಾರು? ರೊಟ್ಟಿ ಬಡಿದವಳು ಯಾರು? ಉಂಡವನ ನಿಷ್ಠೆಗೆ ಕಲ್ಲು ನಿಂತಿತು. ಉಣಿಸಿದವಳ ನಿಷ್ಠೆಗೆ ಹೆಸರೂ ಉಳಿಯಲಿಲ್ಲ. ದೊಡ್ಡ ಮನೆಯ ಅಡುಗೆಮನೆಯಲ್ಲಿ ದುಡಿದವರ ಬಗ್ಗೆ ನಮ್ಮ ಶಾಸ್ತ್ರ, ಕಾವ್ಯ, ಹಾಡು, ಕಾನೂನು, ಕಾದಂಬರಿ, ಸಂಶೋಧನೆಗಳು ಕಾಲಕಾಲಕ್ಕೆ ಏನು ಕಂಡವು, ಏನನ್ನು ಕಾಣದೆ ಹೋದವು ಎಂಬುದನ್ನು ಈ ಲೇಖನ ಹಿಂದಿನಿಂದ ಇಂದಿನವರೆಗೆ ನೋಡುತ್ತದೆ. ನೋಡುವ ನೆಲ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ. ಜೋಳ, ತೊಗರಿಯ ನೆಲ ಇದು. ಕಲಬುರಗಿ ತೊಗರಿಗೆ 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯೂ ಬಂತು. ಈ ಸೀಮೆಯ ಜನ ನಿಷ್ಠೆಗೆ ‘ನಿಯತ್ತು’ ಎನ್ನುತ್ತಾರೆ. ಮರುಕಕ್ಕೆ, ಕರುಳಿನ ಮಿಡಿತಕ್ಕೆ ‘ಅಂತಃಕರಣ’ ಎನ್ನುತ್ತಾರೆ. ನಿಯತ್ತು ಆಳಿನಿಂದ ಧಣಿಯತ್ತ ಹರಿಯುವುದು. ಅಂತಃಕರಣ ಆಳಿನಿಂದ ಆಳಿಗೆ ಹರಿಯುವುದು. ಬರಹ ಬಹುಕಾಲ ಮೊದಲನೆಯದನ್ನೇ ಹೊಗಳಿತು. ಎರಡನೆಯದು ಒಲೆಯ ಮುಂದೆಯೇ ಉಳಿಯಿತು.

ವಾಡೆಯ ಒಳಗೆ

ಗೌಡರು, ದೇಶಮುಖರು, ದೇಶಪಾಂಡೆಯರು, ಜಾಗೀರದಾರರು ಇದ್ದ ದೊಡ್ಡ ಮನೆಗೆ ಇಲ್ಲಿನ ಹೆಸರು ‘ವಾಡೆ’. ತೆಲುಗು ಸೀಮೆಗೆ ಅಂಟಿಕೊಂಡಿರುವ ಚಿಂಚೋಳಿ, ಸೇಡಂ ಗಡಿಯಾಚೆ ಅದೇ ಬಗೆಯ ಮನೆಯನ್ನು ‘ಗಡಿ’ ಎನ್ನುತ್ತಾರೆ. ದಪ್ಪ ಕಲ್ಲಿನ ಗೋಡೆ, ಮೇಲೆ ಮಣ್ಣಿನ ಮಾಳಿಗೆ, ಕೆಳಗೆ ಪರಸಿ ಕಲ್ಲಿನ ಹಾಸು, ಅಂಗಳ, ಪಡಸಾಲೆ, ನೆಲದೊಳಗೆ ಧಾನ್ಯದ ಹಗೇವು. ಇಷ್ಟು ದೊಡ್ಡ ಮನೆಯ ಅಡುಗೆ ಎಂದರೆ ಒಂದು ಒಲೆಯ ಕೆಲಸವಲ್ಲ. ಹಗೇವಿನಿಂದ ಜೋಳ ತೆಗೆಯುವವರು, ಹಸನು ಮಾಡುವವರು, ನಸುಕಿನಲ್ಲೆದ್ದು ಬೀಸುವವರು, ನೀರು ಹೊರುವವರು, ಕುಳ್ಳು ಮತ್ತು ತೊಗರಿ ಕಟ್ಟಿಗೆ ತಂದು ಒಟ್ಟುವವರು, ರೊಟ್ಟಿ ಬಡಿಯುವವರು, ಹೊಲಕ್ಕೆ ಬುತ್ತಿ ಒಯ್ಯುವವರು, ಕೊನೆಗೆ ಭಾಂಡೆ ತಿಕ್ಕುವವರು. ಎಳ್ಳಮಾವಾಸ್ಯೆಯ ದಿನ ಹೊಲಕ್ಕೆ ಎಡೆ ಚೆಲ್ಲುವ ಚರಗಕ್ಕೆ ಭಜ್ಜಿ, ಕಡುಬು, ಸಜ್ಜೆ ರೊಟ್ಟಿ ಆಗಬೇಕಾದರೆ ಈ ಕೈಗಳೆಲ್ಲ ಹಿಂದಿನ ದಿನದಿಂದಲೇ ದುಡಿಯಬೇಕಿತ್ತು.

ಈ ಕೈಗಳ ನಡುವೆ ಜಾತಿಯ ಗೆರೆಗಳು ಬಿಗಿಯಾಗಿದ್ದವು. ಲಿಂಗಾಯತ ಗೌಡರ ಮನೆಯಲ್ಲಿ ಒಲೆ ಸಾಮಾನ್ಯವಾಗಿ ಸೊಸೆಯಂದಿರ ಪಾಲು, ಆಳುಮಕ್ಕಳಿಗೆ ಮೇಲುಗೆಲಸ. ಬ್ರಾಹ್ಮಣ ದೇಶಪಾಂಡೆಯರ ಮನೆಯಲ್ಲಿ ಮಡಿಯ ಕಟ್ಟುಪಾಡಿನಿಂದಾಗಿ ಅಡುಗೆ ಬಹುಪಾಲು ಗಂಡನನ್ನು ಕಳೆದುಕೊಂಡ ಬಡ ನಂಟಸ್ತಿಕೆಯ ಹೆಣ್ಣುಮಗಳ ಹೆಗಲಿಗೆ ಬೀಳುತ್ತಿತ್ತು. ಅವಳು ಆಳೂ ಅಲ್ಲ, ಮನೆಯೊಡತಿಯೂ ಅಲ್ಲ. ಕೂಲಿ ಕೇಳುವಂತಿಲ್ಲ, ಬಿಟ್ಟುಹೋಗಲು ಇನ್ನೊಂದು ಮನೆಯಿಲ್ಲ. ಮುಸ್ಲಿಂ ಜಾಗೀರದಾರರ ದೇವಡಿಗಳಲ್ಲಿ ಬಾವರ್ಚಿಖಾನೆ, ಅಲ್ಲಿ ಬಾವರ್ಚಿ, ಜನಾನಾದ ಅಡುಗೆಗೆ ‘ಮಾಮಾ’ ಎಂದು ಕರೆಸಿಕೊಳ್ಳುತ್ತಿದ್ದ ಹೆಂಗಸರು. ಹಿತ್ತಲಲ್ಲಿ ಕಟ್ಟಿಗೆ ಒಡೆದ ದಲಿತ ಆಳು ಮಾತ್ರ ಯಾವ ಗೌಡರ, ದೇಶಪಾಂಡೆಯರ ಒಲೆಯ ಬಳಿಗೂ ಬರುವಂತಿರಲಿಲ್ಲ. ಅವನ ಪಾಲಿನ ರೊಟ್ಟಿ ಹಿತ್ತಲ ಬಾಗಿಲಲ್ಲಿ ಮೇಲಿನಿಂದ ಬೀಳುತ್ತಿತ್ತು. ವಾಡೆಯ ಅಂತಃಕರಣದ ಬಗ್ಗೆ ಮಾತಾಡುವಾಗ ಆ ಬಾಗಿಲನ್ನು ಮರೆತರೆ ಮಾತು ಸುಳ್ಳಾಗುತ್ತದೆ.

ಮರತೂರಿನ ಶಾಸ್ತ್ರ

ಮನೆಯಾಳಿನ ಬಗ್ಗೆ ಈ ನೆಲದಿಂದ ಹೊರಟ ಅತ್ಯಂತ ಪ್ರಭಾವಶಾಲಿ ಬರಹ ಒಂದು ಧರ್ಮಶಾಸ್ತ್ರ ಗ್ರಂಥ. ಶಹಾಬಾದಿನ ಸಮೀಪದ ಮರತೂರು ವಿಜ್ಞಾನೇಶ್ವರನ ನೆಲೆಯೆಂದು ಗುರುತಾಗಿದೆ. ಕಲ್ಯಾಣ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ (1076–1126) ಅವನು ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ವ್ಯಾಖ್ಯಾನವೇ ‘ಮಿತಾಕ್ಷರಾ’. ಆಸ್ತಿ ಹಂಚಿಕೆಯ ವಿಷಯದಲ್ಲಿ ಭಾರತದ ನ್ಯಾಯಾಲಯಗಳು ಅದನ್ನು ಇಂದಿಗೂ ನೆನೆಯುತ್ತವೆ. ಅದರಲ್ಲಿ ಸೇವೆಯ ಕರಾರನ್ನು ಕುರಿತ ಪ್ರಕರಣವೂ ಇದೆ ಎಂಬುದು ಅಷ್ಟಾಗಿ ಯಾರ ಗಮನಕ್ಕೂ ಬಂದಿಲ್ಲ.

ಅಲ್ಲಿ ವಿಜ್ಞಾನೇಶ್ವರ ನಾರದಸ್ಮೃತಿಯನ್ನು ಅನುಸರಿಸಿ ಸೇವೆ ಮಾಡುವವರನ್ನು ಐದು ಬಗೆಯಾಗಿ ವಿಂಗಡಿಸುತ್ತಾನೆ: ಶಿಷ್ಯ, ಕೆಲಸ ಕಲಿಯುವವನು, ಕೂಲಿಯಾಳು, ಮೇಲ್ವಿಚಾರಕ, ದಾಸ. ದಾಸರಲ್ಲೇ ಹದಿನೈದು ಬಗೆ. ಮನೆಯ ದಾಸಿಗೆ ಹುಟ್ಟಿದವನು, ಕೊಂಡವನು, ಪಿತ್ರಾರ್ಜಿತವಾಗಿ ಬಂದವನು, ಬರಗಾಲದಲ್ಲಿ ಅನ್ನ ಕೊಟ್ಟು ಉಳಿಸಿಕೊಂಡವನು, ಸಾಲಕ್ಕೆ ಒತ್ತೆಯಾದವನು, ಹೊಟ್ಟೆಪಾಡಿಗಾಗಿ ದಾಸನಾದವನು ಹೀಗೆ ಪಟ್ಟಿ ಬೆಳೆಯುತ್ತದೆ. ಕೊನೆಯವನಿಗೆ ‘ಭಕ್ತದಾಸ’ ಎಂದು ಹೆಸರು. ಇಲ್ಲಿ ಭಕ್ತವೆಂದರೆ ಅನ್ನ. ಅನ್ನವೇ ಅವನ ಸಂಕೋಲೆ. ಆ ಅನ್ನವನ್ನು ಬಿಟ್ಟರೆ ಅವನಿಗೆ ಬಿಡುಗಡೆ. ಬರಗಾಲದಲ್ಲಿ ಬದುಕಿಸಿಕೊಂಡವನು ಒಂದು ಜೋಡಿ ಗೋವು ಕೊಟ್ಟು ಬಿಡಿಸಿಕೊಳ್ಳಬಹುದಿತ್ತು. ಒಡೆಯನ ಪ್ರಾಣ ಉಳಿಸಿದ ದಾಸ ಯಾವ ಬಗೆಯವನೇ ಆಗಿರಲಿ, ಮುಕ್ತನಾಗುತ್ತಿದ್ದ.

ನಿಷ್ಠೆಯ ಅತ್ಯುನ್ನತ ಬಹುಮಾನ ದಾಸ್ಯದಿಂದ ಬಿಡುಗಡೆ ಎಂದು ಶಾಸ್ತ್ರವೇ ಒಪ್ಪಿಕೊಂಡಂತಾಯಿತು. ಹಾಗಾದರೆ ಆ ನಿಷ್ಠೆ ಎಷ್ಟರ ಮಟ್ಟಿಗೆ ಮನಸ್ಸಿನದು, ಎಷ್ಟರ ಮಟ್ಟಿಗೆ ಹಸಿವಿನದು ಎಂಬ ಪ್ರಶ್ನೆ ಏಳುತ್ತದೆ. ದೇವರಾಜ ಚಾನನ ಅವರ ಪ್ರಾಚೀನ ಭಾರತದ ದಾಸ್ಯದ ಅಧ್ಯಯನ (1960), ಉಮಾ ಚಕ್ರವರ್ತಿಯವರು 1985ರಲ್ಲಿ ದಾಸ ಮತ್ತು ಕರ್ಮಕಾರರ ಬಗ್ಗೆ ಬರೆದ ಲೇಖನ ಈ ಪ್ರಶ್ನೆಯನ್ನು ವಿದ್ವತ್ತಿನ ನಡುಮನೆಗೆ ತಂದವು. ಮನೆಯೊಳಗಿನ ದಾಸ್ಯದ ಭಾರ ಹೆಚ್ಚಾಗಿ ಹೆಣ್ಣಿನ ಮೇಲೆಯೇ ಬಿದ್ದಿತ್ತು ಎಂಬುದು ಆಗ ಸ್ಪಷ್ಟವಾಗತೊಡಗಿತು.

ಬಾಣಸಿನ ಮನೆ

ಸೇಡಂ ತಾಲ್ಲೂಕಿನ ಮಳಖೇಡ ಒಂದು ಕಾಲಕ್ಕೆ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ. ಅಪಭ್ರಂಶದ ಮಹಾಕವಿ ಪುಷ್ಪದಂತ ದಣಿದು ಇಲ್ಲಿಗೆ ಬಂದಾಗ ಮಂತ್ರಿ ಭರತ ಅವನನ್ನು ತನ್ನ ಮನೆಯಲ್ಲಿರಿಸಿಕೊಂಡ. 959ರಲ್ಲಿ ಆರಂಭವಾದ ಅವನ ‘ಮಹಾಪುರಾಣ’ 965ರಲ್ಲಿ ಮುಗಿಯಿತು. ಆಶ್ರಯ ಕೊಟ್ಟ ಮಂತ್ರಿಯ ಹೆಸರು ಕಾವ್ಯದ ಜೊತೆ ಉಳಿದಿದೆ. ಅಷ್ಟು ವರ್ಷ ಆ ಮನೆಯಲ್ಲಿ ಕವಿಗೆ ಬಡಿಸಿದ ಕೈ ಯಾವುದೆಂದು ತಿಳಿಯುವ ದಾರಿಯೇ ಇಲ್ಲ.

ಅಡುಗೆ ಮಾತ್ರ ಬರಹಕ್ಕೆ ಬೇಗ ಬಂತು. ಎರಡನೆಯ ಚಾವುಂಡರಾಯನ ‘ಲೋಕೋಪಕಾರ’ದಲ್ಲಿ (1025) ಸೂಪಶಾಸ್ತ್ರಕ್ಕೆ ಜಾಗವಿದೆ. ಚಿಂಚೋಳಿಯ ವಾಯವ್ಯಕ್ಕಿರುವ ಕಲ್ಯಾಣದಲ್ಲಿ ಮೂರನೆಯ ಸೋಮೇಶ್ವರ 1129ರ ಹೊತ್ತಿಗೆ ರಚಿಸಿದ ‘ಮಾನಸೋಲ್ಲಾಸ’ದ ಅನ್ನಭೋಗದ ಭಾಗ ಅರಮನೆಯ ಊಟವನ್ನು ಬೇಳೆ, ಮಾಂಸ, ಮೊಸರುಗಳ ಸಮೇತ ವಿವರಿಸುತ್ತದೆ. ಅರಮನೆಯ ಅಡುಗೆಯವನಿಗೆ ಕೈರುಚಿಯಷ್ಟೇ ನಂಬಿಕೆಯೂ ಮುಖ್ಯವೆಂಬುದು ಅದಕ್ಕೂ ಹಳೆಯ ವಿಚಾರ. ರಾಜನ ಅಡುಗೆಯನ್ನು ಕಾವಲಿನಲ್ಲಿ ಮಾಡಿ, ರುಚಿ ನೋಡಿಯೇ ಒಳಗೆ ಕಳಿಸಬೇಕೆಂದು ಕೌಟಿಲ್ಯ ವಿಧಿಸಿದ್ದ. ವಿಷದ ಭಯವೇ ಅದಕ್ಕೆ ಕಾರಣ. ಚಾಲುಕ್ಯರ ಶಾಸನಗಳಲ್ಲಿ ಬರುವ ‘ಬಾಣಸವೆರ್ಗಡೆ’, ಅಂದರೆ ಅಡುಗೆಮನೆಯ ಮೇಲಾಳು, ಸಾಮಾನ್ಯನಲ್ಲ. ವಿಕ್ರಮಾದಿತ್ಯನ ಪ್ರಬಲ ದಂಡನಾಯಕ ಅನಂತಪಾಲನಿಗೂ ಈ ಪದವಿಯಿತ್ತು. ರಾಜನ ಅನ್ನ ಕಾಯುವವನಿಗೆ ನಾಡು ಕಾಯುವ ಅಧಿಕಾರವೂ ಸಿಗುತ್ತಿತ್ತು. ನಿಷ್ಠೆಗೆ ಪದವಿ ಸಿಕ್ಕಿದ್ದು ಮೇಲಿನ ಮೆಟ್ಟಿಲಲ್ಲಿ ಮಾತ್ರ. ಕೆಳಗೆ ಮಸಾಲೆ ಅರೆದವರ ಹೆಸರು ಯಾವ ಶಾಸನಕ್ಕೂ ಬೇಕಾಗಲಿಲ್ಲ.

ಅಡುಗೆಯಾಳುಗಳ ನಡುವಿನ ಅಂತಃಕರಣವನ್ನು ಕನ್ನಡ ಮೊದಲು ಆಳವಾಗಿ ಕಂಡದ್ದು ಕಾವ್ಯದಲ್ಲಿ, ಅದೂ ವಿರಾಟನ ಅರಮನೆಯಲ್ಲಿ. ಭೀಮ ವಲಲನೆಂಬ ಹೆಸರಿನಲ್ಲಿ ಬಾಣಸಿಗನಾಗಿರುತ್ತಾನೆ, ದ್ರೌಪದಿ ಸೈರಂಧ್ರಿಯೆಂಬ ಊಳಿಗದವಳಾಗಿರುತ್ತಾಳೆ. ಕೀಚಕ ತುಂಬಿದ ಸಭೆಯಲ್ಲಿ ಅವಳನ್ನು ಒದ್ದಾಗ ರಾಜ ಸುಮ್ಮನಾಗುತ್ತಾನೆ, ಸಭೆ ಸುಮ್ಮನಾಗುತ್ತದೆ. ಇರುಳಿನಲ್ಲಿ ಅವಳು ಹೋಗಿ ತಟ್ಟುವುದು ಬಾಣಸಿನ ಮನೆಯ ಬಾಗಿಲನ್ನು. ಅವರಿಬ್ಬರೂ ಗಂಡಹೆಂಡಿರೆಂದು ಕೇಳುಗರಿಗೆ ಗೊತ್ತು. ಅರಮನೆಯವರ ಕಣ್ಣಿಗೆ ಮಾತ್ರ ಅವರು ಒಬ್ಬ ಅಡುಗೆಯವನು, ಒಬ್ಬ ಕೆಲಸದಾಕೆ. ಉತ್ತರ ಕರ್ನಾಟಕದ ಬಯಲಾಟದಲ್ಲಿ ಕೀಚಕನ ವಧೆಗೆ ಜನ ಇರುಳಿಡೀ ಕಾಯುತ್ತಿದ್ದುದಕ್ಕೆ ಇದೂ ಒಂದು ಕಾರಣವೆಂದು ನನಗನಿಸುತ್ತದೆ. ಧಣಿಯ ಮನೆಯಲ್ಲಿ ಮಾನ ಹೋಗುವ ಹೊತ್ತಿಗೆ ನೆರವಾಗುವವರು ಪಕ್ಕದಲ್ಲಿ ದುಡಿಯುವವರೇ ಎಂಬುದು ಅಂಗಳದಲ್ಲಿ ಕೂತ ಆಳುಮಕ್ಕಳಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ.

ಮಹಾಮನೆ

ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಇನ್ನೊಂದು ದೊಡ್ಡ ಮನೆ ಎದ್ದಿತು. ಬಸವಣ್ಣನವರ ಮಹಾಮನೆಯಲ್ಲಿ ನಿತ್ಯ ಸಾವಿರಾರು ಜನರಿಗೆ ದಾಸೋಹವೆಂದು ಪರಂಪರೆ ನೆನೆಯುತ್ತದೆ. ಅಲ್ಲಿ ಅಡುಗೆಯ ದುಡಿಮೆ ಚಾಕರಿಯ ಪಟ್ಟಿಯಿಂದ ಹೊರಬಂದು ಕಾಯಕವಾಯಿತು. ಭತ್ತ ಕುಟ್ಟಿ ಬದುಕಿದ ಕೊಟ್ಟಣದ ಸೋಮಮ್ಮ ವಚನಕಾರ್ತಿಯಾದಳು. ಅವಳ ದುಡಿಮೆಯೇ ಅವಳ ಹೆಸರಿನ ಭಾಗವಾಯಿತು. ಬಿದ್ದ ಅಕ್ಕಿ ಆಯ್ದು ತಂದು ದಾಸೋಹ ಮಾಡುತ್ತಿದ್ದ ಆಯ್ದಕ್ಕಿ ಮಾರಯ್ಯ ಒಂದು ದಿನ ಹೆಚ್ಚು ಅಕ್ಕಿ ತಂದಾಗ, ಅದನ್ನು ತಿರುಗಿ ಸುರಿದು ಬಾ ಎಂದವಳು ಲಕ್ಕಮ್ಮ. ಮಂತ್ರಿ ಬಸವಣ್ಣನವರ ಮನೆಯ ಅಂಗಳದಲ್ಲಿ ನಿಂತು ನಮಗೆ ಇಷ್ಟೇ ಸಾಕು ಎನ್ನುವ ಬಡ ಹೆಣ್ಣಿನ ಎದೆಗಾರಿಕೆ ಅದು. ಋಣದ ಭಾರ ಹೊರಲು ಅವಳು ಒಪ್ಪಲಿಲ್ಲ.

ವಾಡೆಯ ಒಲೆಯನ್ನು ಈ ತತ್ವ ಬದಲಿಸಲಿಲ್ಲ. ಆದರೂ ಉಣ್ಣುವವರೂ ಉಣಿಸುವವರೂ ಒಂದೇ ಪಂಕ್ತಿಯವರೆಂಬ ನೆನಪನ್ನು ಈ ಸೀಮೆಯಲ್ಲಿ ಅದು ಉಳಿಸಿತು. ಜೇವರ್ಗಿ ಸೀಮೆಯ ಅರಳಗುಂಡಗಿಯಿಂದ ಕಲಬುರಗಿಗೆ ಬಂದ ಶರಣಬಸವೇಶ್ವರರ (1746–1822) ದಾಸೋಹ ಆ ನೆನಪಿಗೆ ಮರುಜೀವ ಕೊಟ್ಟಿತು. ವಾಡೆಯ ಹಿತ್ತಲಲ್ಲಿ ಕಾದು ನಿಲ್ಲುತ್ತಿದ್ದವರಿಗೆ ಕೂತು ಉಣ್ಣುವ ಜಾಗವೊಂದು ಇದೆ ಎಂದು ತೋರಿದ್ದೇ ಅದರ ದೊಡ್ಡ ಕೊಡುಗೆ.

ನಿಜಾಮರ ಕಾಲ: ಭಗೇಲಾ ಮತ್ತು ಬಿಟ್ಟಿ

ನಿಜಾಮರ ದಿವಾನ ಮೊದಲನೆಯ ಸಾಲಾರ್ ಜಂಗ್ 1860ರ ದಶಕದಲ್ಲಿ ಕಂದಾಯ ವ್ಯವಸ್ಥೆ ಬದಲಿಸಿ, ದೇಶಮುಖ ದೇಶಪಾಂಡೆಯರ ವಸೂಲಿ ಹಕ್ಕಿನ ಬದಲಿಗೆ ‘ರುಸುಂ’ ಎಂಬ ಭತ್ಯೆ ಗೊತ್ತುಮಾಡಿದ. ಹಕ್ಕು ಹೋದರೂ ಹೊಲ ಉಳಿಯಿತು. ಹೊಲದೊಡನೆ ವಾಡೆಯ ದರ್ಬಾರೂ ಉಳಿಯಿತು. 1876–78ರ ಭೀಕರ ಬರ ದಖ್ಖನ್ನಿನ ಬಡವರನ್ನು ಹಗೇವು ಇದ್ದವರ ಬಾಗಿಲಿಗೆ ತಂದು ನಿಲ್ಲಿಸಿತು. ವಿಜ್ಞಾನೇಶ್ವರನ ಪಟ್ಟಿಯ ‘ಬರದಲ್ಲಿ ಬದುಕಿಸಿಕೊಂಡವನು’ ಎಂಟು ನೂರು ವರ್ಷಗಳ ಬಳಿಕವೂ ಇದ್ದ.

ಹೈದರಾಬಾದ್ ಸಂಸ್ಥಾನದಲ್ಲಿ ಈ ಸ್ಥಿತಿಗೆ ‘ಭಗೇಲಾ’ ಎಂಬ ಹೆಸರಿತ್ತು. ಮದುವೆಗೋ ಕಾಳಿಗೋ ಪಡೆದ ಸಣ್ಣ ಸಾಲಕ್ಕೆ ಆಳು ತನ್ನನ್ನೇ ಒತ್ತೆಯಿಡುವ ಪದ್ಧತಿ ಅದು. ಸಾಲ ಗಂಡಸಿನ ಹೆಸರಿನಲ್ಲಿ ಬರೆಯುತ್ತಿದ್ದರು. ಬೀಸಲು, ಕಸ ಹೊಡೆಯಲು, ಭಾಂಡೆ ತಿಕ್ಕಲು ಹೋಗುತ್ತಿದ್ದ ಅವನ ಹೆಂಡತಿಯ ದುಡಿಮೆ ಯಾವ ಲೆಕ್ಕದಲ್ಲೂ ಸೇರುತ್ತಿರಲಿಲ್ಲ. ಎಸ್. ಕೇಶವ ಅಯ್ಯಂಗಾರರು 1929–30ರಲ್ಲಿ ಸಂಸ್ಥಾನದ ಹಳ್ಳಿಗಳಲ್ಲಿ ನಡೆಸಿದ ಆರ್ಥಿಕ ತನಿಖೆ ಹಳ್ಳಿಗಾಡಿನ ಸಾಲ, ಕೂಲಿಗಳ ಚಿತ್ರವನ್ನು ದಾಖಲೆಗೆ ತಂದಿತು. 1936ರಲ್ಲಿ ನಿಜಾಮ್ ಸರ್ಕಾರ ಭಗೇಲಾ ಕರಾರುಗಳ ನಿಯಮ ಹೊರಡಿಸಿ, ಕರಾರು ಬರಹದಲ್ಲಿರಬೇಕು, ಅದಕ್ಕೆ ಅವಧಿಯ ಮಿತಿ ಇರಬೇಕು ಎಂದಿತು. ಅಕ್ಷರ ಬಾರದ ಆಳಿಗೆ, ಊರಿನ ಬರಹವೆಲ್ಲ ಧಣಿಯ ಕೈಯಲ್ಲೇ ಇರುವಾಗ, ಈ ನಿಯಮದಿಂದ ಆದ ಉಪಯೋಗ ಅತ್ಯಲ್ಪ.

ಗಡಿಯಾಚೆಯ ತೆಲಂಗಾಣದ ವೆಟ್ಟಿಚಾಕಿರಿ, ಅಂದರೆ ಬಿಟ್ಟಿ ದುಡಿಮೆ, ಹೆಚ್ಚು ಬರಹಕ್ಕೆ ಬಂತು. 1946ರಿಂದ 1951ರವರೆಗಿನ ರೈತ ಹೋರಾಟದ ನಾಯಕ ಪಿ. ಸುಂದರಯ್ಯನವರು 1972ರಲ್ಲಿ ಪ್ರಕಟಿಸಿದ ಹೋರಾಟದ ಚರಿತ್ರೆಯಲ್ಲಿ, ಜಮೀನ್ದಾರರು ಮಗಳ ಮದುವೆಯಲ್ಲಿ ಬಳುವಳಿಯ ಜೊತೆ ಆಳು ಹುಡುಗಿಯರನ್ನೂ ಕಳಿಸುತ್ತಿದ್ದುದನ್ನು ಬರೆದಿದ್ದಾರೆ. ಪಾತ್ರೆ, ಪಗಡಗಳ ಸಾಲಿನಲ್ಲಿ ಒಬ್ಬ ಹುಡುಗಿ! ಹೊಸ ಮನೆಯಲ್ಲಿ ಆ ಮದುಮಗಳಿಗೂ ಆ ಹುಡುಗಿಗೂ ತವರಿನ ನೆನಪು ಒಂದೇ. ಅವರ ನಡುವೆ ಕರುಳಿನ ನಂಟು ಬೆಳೆದಿರಬಹುದು. ಹಾಗೆ ಬೆಳೆದಿದ್ದರೂ, ಒಬ್ಬಳು ಇನ್ನೊಬ್ಬಳ ಆಸ್ತಿಯಾಗಿದ್ದಳು ಎಂಬುದು ಅದರಿಂದ ಅಳಿಯುವುದಿಲ್ಲ. ಒಳ್ಳೆಯ ಧಣಿಗಳ ಕಥೆ ಹೇಳುವಾಗ ನಾವು ನೆನಪಿಡಬೇಕಾದ ಮಾತು ಇದು. ಒಳ್ಳೆಯತನ ನಿಜವಿರಬಹುದು; ಆದರೆ ಧಣಿಯ ಮನಸ್ಸು ಬದಲಾದ ದಿನ ಆಳಿಗೆ ಹಿಡಿದುಕೊಳ್ಳಲು ಏನೂ ಇರುತ್ತಿರಲಿಲ್ಲ.

ಬೀಸುವ ಕಲ್ಲಿನ ದಾಖಲೆ

ಅಡುಗೆಮನೆಯ ಹೆಣ್ಣು ತಾನೇ ಬಿಟ್ಟ ದಾಖಲೆ ಎಂದರೆ ಬೀಸುವ ಪದ. ವಿಜಯಪುರ ಸೀಮೆಯ ಹಲಸಂಗಿ ಗೆಳೆಯರು 1931ರಲ್ಲಿ ‘ಗರತಿಯ ಹಾಡು’ ಪ್ರಕಟಿಸಿದಾಗ, ಓದು ಬಾರದ ಹೆಂಗಸರ ಬಾಯಲ್ಲಿ ಇಷ್ಟು ದೊಡ್ಡ ಕಾವ್ಯ ಇದೆಯೆಂದು ಓದಿದ ಲೋಕ ಬೆರಗಾಯಿತು. ಮುಂದೆ ಕರ್ನಾಟಕ ವಿಶ್ವವಿದ್ಯಾಲಯದಲ್ಲೂ, 1980ರಲ್ಲಿ ಸ್ಥಾಪನೆಯಾದ ಗುಲಬರ್ಗಾ ವಿಶ್ವವಿದ್ಯಾಲಯದಲ್ಲೂ ಜನಪದ ಅಧ್ಯಯನ ಬೆಳೆಯಿತು. ತವರು, ಅತ್ತೆ, ಅಣ್ಣತಮ್ಮ, ಕಂದ ಎಂದು ವಿಷಯವಾರು ವಿಂಗಡಣೆ ನಡೆಯಿತು. ತನ್ನ ಮನೆಯ ಹಿಟ್ಟು ಬೀಸುತ್ತ ಹಾಡಿದವಳೇ ಕೂಲಿಗೆ ಧಣಿಯ ಹಿಟ್ಟು ಬೀಸುತ್ತಲೂ ಹಾಡಿದಳು. ಈ ಎರಡು ಸಂದರ್ಭಗಳನ್ನು ಬೇರೆಬೇರೆಯಾಗಿ ಕೇಳುವ ಕೆಲಸ ಮಾತ್ರ ಹಿಂದುಳಿಯಿತು.

ಬೀಸುವ ಕಲ್ಲೇ ನಮಗೆ ಒಂದು ಸಂಗತಿ ಹೇಳುತ್ತದೆ. ದೊಡ್ಡ ಕಲ್ಲಿಗೆ ಇಬ್ಬರು ಎದುರುಬದುರು ಕೂರುತ್ತಾರೆ. ಒಂದೇ ಗೂಟಕ್ಕೆ ಎರಡು ಕೈ. ಒಬ್ಬಳು ಸೋತರೆ ಇನ್ನೊಬ್ಬಳ ಕೈ ಭಾರ ಹೊರುತ್ತದೆ, ಹೊರಗಿನವರಿಗೆ ಅದು ಕಾಣುವುದೂ ಇಲ್ಲ. ಬಾಣಂತನ ಮುಗಿಸಿ ಬಂದವಳ ಪಾಲಿನ ಬೀಸುವಿಕೆಯನ್ನು ಜೊತೆಯವಳು ಹೊರುವುದು ಹೀಗೆ. ಸೆರಗಿನಲ್ಲಿ ಅರ್ಧ ರೊಟ್ಟಿ ಕಟ್ಟಿ ಇನ್ನೊಬ್ಬಳ ಕೂಸಿಗೆ ಒಯ್ಯುವುದು, ಹೊಸದಾಗಿ ಬಂದ ಹುಡುಗಿಗೆ ರೊಟ್ಟಿ ಹರಿಯದಂತೆ ಬಡಿಯುವುದನ್ನು ಗದರದೆ ಕಲಿಸುವುದು, ಒಡೆದ ಗಡಿಗೆಯ ತಪ್ಪನ್ನು ಎಲ್ಲರೂ ಸೇರಿ ಮುಚ್ಚುವುದು, ‘ಉಂಡ್ಯೇನವ್ವಾ?’ ಎಂದು ಮೊದಲು ಕೇಳಿ ಆಮೇಲೆ ತಾನು ಕೂರುವುದು. ಇವು ಶಾಸನಕ್ಕೆ ಏರುವ ಸಂಗತಿಗಳಲ್ಲ. ಆದರೆ ಇಂಥವಿಲ್ಲದೆ ಯಾವ ವಾಡೆಯ ಒಲೆಯೂ ಒಂದು ಸುಗ್ಗಿ ದಾಟುತ್ತಿರಲಿಲ್ಲ.

ಹೊರನಾಡಿನ ಒಂದು ಹೋಲಿಕೆ ಇಲ್ಲಿ ನೆನಪಾಗುತ್ತದೆ. ವೇಲ್ಸ್ ನಾಡಿನ ಎರ್ಡಿಗ್ ಎಂಬ ದೊಡ್ಡ ಮನೆಯಲ್ಲಿ ಯಾರ್ಕ್ ಮನೆತನದವರು ಹದಿನೆಂಟನೆಯ ಶತಮಾನದಿಂದಲೇ ತಮ್ಮ ಕೆಲಸದವರ ಚಿತ್ರ ಬರೆಸಿ, ಜೊತೆಗೆ ಪದ್ಯ ಬರೆದು ಗೋಡೆಗೆ ತೂಗುಹಾಕಿದರು. ಆ ಚಿತ್ರಗಳಲ್ಲೂ ಧಣಿಯ ಕಣ್ಣಿಗೆ ಹಿತವಾದ ಆಳು ಮಾತ್ರ ಕಾಣುತ್ತಾನೆ. ಆದರೂ ಮುಖವಾದರೂ ಉಳಿದಿದೆ, ಹೆಸರಾದರೂ ಉಳಿದಿದೆ. ನಮ್ಮ ವಾಡೆಗಳ ಪಡಸಾಲೆಯ ಗೋಡೆಗಳಲ್ಲಿ ಅಜ್ಜ, ಮುತ್ತಜ್ಜರ ರುಮಾಲಿನ ಚಿತ್ರಗಳಿವೆ. ಅವರಿಗೆ ರೊಟ್ಟಿ ಬಡಿದವಳ ಒಂದು ಚಿತ್ರವನ್ನೂ ನಾನು ಕಂಡಿಲ್ಲ.

ರೈಲು, ಕಲ್ಲು, ಸಿಮೆಂಟು

ವಾಡೆಯ ಹಿಡಿತ ಸಡಿಲಗೊಳ್ಳಲು ಮೊದಲ ಬಾಗಿಲು ತೆರೆದದ್ದು ರೈಲು. 1871ರ ಹೊತ್ತಿಗೆ ಮುಂಬೈಯಿಂದ ರಾಯಚೂರಿಗೆ ಹಳಿ ಕೂಡಿತು. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲು ಓಡಿತು. ವಾಡಿ ಜಂಕ್ಷನ್ ಆಯಿತು. ಶಹಾಬಾದಿನ ಪರಸಿ ಕಲ್ಲು ರೈಲು ಹತ್ತಿತು. ಶಹಾಬಾದಿನ ಸಿಮೆಂಟ್ ಕಂಪನಿ 1936ರಲ್ಲಿ ಹಲವು ಕಂಪನಿಗಳೊಡನೆ ಸೇರಿ ಎಸಿಸಿ ಆಯಿತು. 1968ರಲ್ಲಿ ವಾಡಿಯಲ್ಲಿ ಅದರ ದೊಡ್ಡ ಕಾರ್ಖಾನೆ ಬಂತು. 1980ರ ದಶಕದಲ್ಲಿ ಸೇಡಂ, ಮಳಖೇಡಗಳಲ್ಲೂ ಸಿಮೆಂಟಿನ ಚಿಮಣಿಗಳೆದ್ದವು. ಕಲ್ಲುಗಣಿಯ ಕೆಲಸ ಸುಖದ್ದಲ್ಲ. ಆದರೆ ಅಲ್ಲಿ ವಾರದ ಪಗಾರ ಕೈಗೆ ಬರುತ್ತಿತ್ತು. ಬಿಟ್ಟು ಹೋದವನನ್ನು ‘ನಿಮಕಹರಾಮಿ’ ಎಂದು ಯಾರೂ ಬಯ್ಯುತ್ತಿರಲಿಲ್ಲ.

ಕಾನೂನಿನ ಕಣ್ಣಿಗೆ ಅಡುಗೆಯ ದುಡಿಮೆ ದುಡಿಮೆಯಾಗಿ ಕಂಡದ್ದೂ ಮೊದಲು ಕಾರ್ಖಾನೆಯಲ್ಲೇ. 1948ರ ಕಾರ್ಖಾನೆ ಕಾಯ್ದೆಯ ಪ್ರಕಾರ 250ಕ್ಕಿಂತ ಹೆಚ್ಚು ಕಾರ್ಮಿಕರಿರುವ ಕಡೆ ಕ್ಯಾಂಟೀನು ಇರಬೇಕೆಂದು ಸರ್ಕಾರ ವಿಧಿಸಬಹುದಿತ್ತು. ಕ್ಯಾಂಟೀನಿನಲ್ಲಿ ರೊಟ್ಟಿ ಬಡಿದರೆ ಅದು ಕೆಲಸ, ವಾಡೆಯಲ್ಲಿ ಬಡಿದರೆ ಸೇವೆ ಎಂಬ ಭೇದ ಅಲ್ಲಿಂದ ಎದ್ದು ಕಾಣತೊಡಗಿತು.

ಋಣ ಅಪರಾಧವಾದ ದಿನ

1948ರ ಸೆಪ್ಟೆಂಬರಿನಲ್ಲಿ ಹೈದರಾಬಾದ್ ಸಂಸ್ಥಾನ ಭಾರತದಲ್ಲಿ ಸೇರಿತು. 1949ರಲ್ಲಿ ಜಾಗೀರುಗಳು ರದ್ದಾದವು, 1950ರಲ್ಲಿ ಗೇಣಿ ಕಾಯ್ದೆ ಬಂತು, 1956ರ ನವೆಂಬರ್ 1ರಂದು ಗುಲಬರ್ಗಾ ಜಿಲ್ಲೆ ಕನ್ನಡ ರಾಜ್ಯಕ್ಕೆ ಸೇರಿತು, 1974ರಲ್ಲಿ ದೇವರಾಜ ಅರಸರ ಕಾಲದ ಭೂ ಸುಧಾರಣೆ ಜಾರಿಯಾಯಿತು. ಹಗೇವು ಬರಿದಾದಂತೆ ಆಳುಗಳ ಸಂಖ್ಯೆಯೂ ಇಳಿಯಿತು.

ಇವೆಲ್ಲಕ್ಕಿಂತ ನನ್ನ ಮನಸ್ಸಿಗೆ ಹತ್ತಿರವಾದದ್ದು 1976ರ ಜೀತ ಪದ್ಧತಿ ರದ್ದತಿ ಕಾಯ್ದೆ. 1975ರ ಅಕ್ಟೋಬರ್ 25ರಿಂದಲೇ ಅದು ಜಾರಿ. ಮುಂಗಡ ಸಾಲದಿಂದಾಗಲಿ, ವಾಡಿಕೆಯಿಂದಾಗಲಿ, ವಂಶಪಾರಂಪರ್ಯವಾಗಿ ಬಂದ ಹೊಣೆಯಿಂದಾಗಲಿ, ಒಂದು ಜಾತಿಯಲ್ಲಿ ಹುಟ್ಟಿದ ಕಾರಣಕ್ಕಾಗಲಿ ದುಡಿಸಿಕೊಳ್ಳುವುದು ಜೀತ ಎಂದು ಅದು ಬಿಡಿಸಿ ಹೇಳುತ್ತದೆ. ಮರತೂರಿನ ಪಂಡಿತನ ಪಟ್ಟಿಯನ್ನು ಇದರ ಪಕ್ಕದಲ್ಲಿಟ್ಟು ಓದಬೇಕು. ಹುಟ್ಟು, ಪಿತ್ರಾರ್ಜಿತ, ಸಾಲ: ಅವನು ದಾಸರ ಬಗೆಗಳೆಂದು ಎಣಿಸಿದ್ದನ್ನೇ ಈ ಕಾಯ್ದೆ ಅಪರಾಧಗಳೆಂದು ಎಣಿಸಿತು. ಒಂದೇ ನೆಲ, ಒಂದೇ ಬಗೆಯ ಮನೆ, ನಡುವೆ ಒಂಬೈನೂರು ವರ್ಷ.

ಸಾಹಿತ್ಯವೂ ಇದೇ ಹೊತ್ತಿಗೆ ಮಗ್ಗುಲು ಬದಲಿಸಿತು. ಚಿತ್ತಾಪುರ ತಾಲ್ಲೂಕಿನ ಶಂಕರವಾಡಿಯಲ್ಲಿ ಹುಟ್ಟಿದ ಚೆನ್ನಣ್ಣ ವಾಲೀಕಾರರು ಈ ಸೀಮೆಯ ಆಡುಮಾತಿನಲ್ಲೇ ದಲಿತ, ಬಂಡಾಯ ಕಾವ್ಯ ಬರೆದರು. ಕಲಬುರಗಿ ಬಳಿಯ ಸಾವಳಗಿಯ ಗೀತಾ ನಾಗಭೂಷಣ (1942–2020) ‘ಹಸಿಮಾಂಸ ಮತ್ತು ಹದ್ದುಗಳು’ ಮೊದಲಾದ ಕಾದಂಬರಿಗಳಲ್ಲಿ ಊರ ಧಣಿಗಳ ಕೈಗೆ ಸಿಕ್ಕ ದುಡಿಯುವ ಹೆಣ್ಣಿನ ಪಾಡನ್ನು ಮುಚ್ಚುಮರೆಯಿಲ್ಲದೆ ಬರೆದರು. ಅವರ ‘ಬದುಕು’ 2004ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆಯಿತು. ಕನ್ನಡದ ಲೇಖಕಿಯೊಬ್ಬರಿಗೆ ಆ ಗೌರವ ಸಂದದ್ದು ಅದೇ ಮೊದಲು. ಧಣಿಯ ನೆನಪಿನಲ್ಲಿ ನಿಷ್ಠಾವಂತೆಯಾಗಿದ್ದವಳು ಇಲ್ಲಿ ತನ್ನ ಹಸಿವು, ಸಿಟ್ಟು, ಮೋಹ, ಗೆಳತಿಯರ ಸಮೇತ ಮನುಷ್ಯಳಾದಳು.

ಸಮಾಜವಿಜ್ಞಾನ ಆ ಬಳಿಕ ಬಂತು. ರಾಕಾ ರೇ ಮತ್ತು ಸೀಮಿನ್ ಕಯ್ಯೂಮ್ ಕೋಲ್ಕತಾದ ಮನೆಗೆಲಸದವರ ಬಗ್ಗೆ 2009ರಲ್ಲಿ ಪ್ರಕಟಿಸಿದ ಅಧ್ಯಯನ, ದೊಡ್ಡ ಮನೆ ಹೋಗಿ ಫ್ಲ್ಯಾಟು ಬಂದರೂ ‘ನಮ್ಮ ಮನೆಯವಳೇ’ ಎಂಬ ಮಾತು ಹೇಗೆ ಉಳಿದುಕೊಂಡಿತು ಎಂದು ತೋರಿಸಿತು. ನಮ್ಮಲ್ಲೂ ಆ ಮಾತು ಜೀವಂತವಾಗಿದೆ. ಮನೆಯವಳೇ ಎಂದ ಮೇಲೆ ರಜೆ ಕೇಳುವುದು, ಕೂಲಿ ಹೆಚ್ಚಿಸಿ ಎನ್ನುವುದು ದ್ರೋಹದಂತೆ ಕೇಳಿಸುತ್ತದೆ.

ಕಾನೂನು ನಿಧಾನವಾಗಿ ಈ ಹೊಸ್ತಿಲು ದಾಟುತ್ತಿದೆ. ಕರ್ನಾಟಕ 2004ರಲ್ಲೇ ಮನೆಗೆಲಸಕ್ಕೆ ಕನಿಷ್ಠ ವೇತನ ಗೊತ್ತುಮಾಡಿತು. 2008ರ ಅಸಂಘಟಿತ ಕಾರ್ಮಿಕರ ಸಾಮಾಜಿಕ ಭದ್ರತಾ ಕಾಯ್ದೆ, 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆ ಮನೆಗೆಲಸದವರನ್ನೂ ಒಳಗೊಂಡವು. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2011ರಲ್ಲಿ ಇವರಿಗಾಗಿಯೇ 189ನೆಯ ಒಡಂಬಡಿಕೆ ತಂದಿತು. ಭಾರತ ಅದನ್ನಿನ್ನೂ ಅನುಮೋದಿಸಿಲ್ಲ. 2020ರ ಔದ್ಯೋಗಿಕ ಸಂಬಂಧಗಳ ಸಂಹಿತೆ ಮನೆಗೆಲಸವನ್ನು ‘ಕೈಗಾರಿಕೆ’ಯ ವ್ಯಾಖ್ಯೆಯಿಂದ ಹೊರಗಿಟ್ಟಿದೆ. ಸೇಡಂ, ಚಿಂಚೋಳಿಯ ಹಳ್ಳಿ, ತಾಂಡಾಗಳಿಂದ ಹೈದರಾಬಾದ್, ಪುಣೆ, ಮುಂಬೈಗೆ ದುಡಿಯಲು ಹೋಗುವ ಹೆಣ್ಣುಮಕ್ಕಳಿಗೆ ಈ ಒಂದು ಸಾಲಿನ ಬಿಸಿ ತಟ್ಟುತ್ತದೆ.

ಶಾಲೆಯ ಒಲೆ

ಈ ಸೀಮೆಯಲ್ಲಿ ಇಂದು ದೊಡ್ಡ ಅಡುಗೆಮನೆ ಎಂದರೆ ವಾಡೆಯಲ್ಲ, ಸರ್ಕಾರಿ ಶಾಲೆ. 2001ರ ನವೆಂಬರ್ 28ರಂದು ಸುಪ್ರೀಂ ಕೋರ್ಟ್ ಶಾಲೆಯಲ್ಲಿ ಬೇಯಿಸಿದ ಊಟ ಕೊಡಬೇಕೆಂದು ಆದೇಶಿಸಿತು. 2002ರಲ್ಲಿ ಕರ್ನಾಟಕ ‘ಅಕ್ಷರ ದಾಸೋಹ’ವನ್ನು ಗುಲಬರ್ಗಾ ಸೇರಿದಂತೆ ಉತ್ತರದ ಏಳು ಜಿಲ್ಲೆಗಳಲ್ಲಿ ಮೊದಲು ಆರಂಭಿಸಿತು. 2004ರ ಏಪ್ರಿಲ್ 20ರ ಆದೇಶದಲ್ಲಿ ಅದೇ ಕೋರ್ಟ್, ಅಡುಗೆಯವರ ಮತ್ತು ಸಹಾಯಕರ ನೇಮಕದಲ್ಲಿ ದಲಿತರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಆದ್ಯತೆ ಇರಬೇಕೆಂದಿತು. ಹಿತ್ತಲ ಬಾಗಿಲಲ್ಲಿ ನಿಂತು ರೊಟ್ಟಿ ಹಿಡಿಯುತ್ತಿದ್ದವಳ ಮೊಮ್ಮಗಳು ಊರಿನ ಎಲ್ಲ ಮಕ್ಕಳಿಗೆ ಬಡಿಸುವ ಹಕ್ಕು ಪಡೆದಳು. ವಾಡೆಯ ಅಡುಗೆಮನೆಯ ಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ತಿರುವು ಇನ್ನೊಂದಿಲ್ಲ.

ತಿರುವು ಅರ್ಧಕ್ಕೇ ನಿಂತಿದೆ ಎಂಬುದೂ ಅಷ್ಟೇ ನಿಜ. ಈ ಹೆಣ್ಣುಮಕ್ಕಳಿಗೆ ಸಿಗುವುದು ಸಂಬಳವಲ್ಲ, ‘ಗೌರವಧನ’. ಸೇವೆಯೆಂದು ಹೊಗಳಿ ಕೂಲಿ ತಪ್ಪಿಸುವ ವಾಡೆಯ ಹಳೆಯ ಅಭ್ಯಾಸ ಈ ಪದದಲ್ಲಿ ಉಳಿದುಬಿಟ್ಟಿದೆ. ಅವರು ಸಂಘ ಕಟ್ಟಿಕೊಂಡು ವೇತನ, ಪಿಂಚಣಿ ಕೇಳುತ್ತಿದ್ದಾರೆ. ಮಕ್ಕಳ ಮೇಲೆ ಅವರಿಗಿರುವ ಅಂತಃಕರಣಕ್ಕೆ ಆ ಬೇಡಿಕೆಯಿಂದ ಒಂದು ಕೂದಲೆಳೆಯ ಕುಂದೂ ಬರುವುದಿಲ್ಲ.

ಮುಂದಿನ ಕೆಲಸ ಏನು? ವಾಡೆಗಳ ಮಾಳಿಗೆ ಕುಸಿಯುತ್ತಿದೆ, ಅಲ್ಲಿ ದುಡಿದ ಕೊನೆಯ ತಲೆಮಾರಿನ ಹೆಣ್ಣುಮಕ್ಕಳು ಎಂಬತ್ತು ದಾಟಿದ್ದಾರೆ. ಗುಲಬರ್ಗಾ ವಿಶ್ವವಿದ್ಯಾಲಯ, ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಮನೆತನಗಳ ವಂಶಾವಳಿ ಬರೆಯುವ ಮುನ್ನ ಈ ಅವ್ವಂದಿರ ಮುಂದೆ ಕೂತು ಕೇಳಿಕೊಳ್ಳಬೇಕು. ನಿನ್ನ ಧಣಿ ಹೇಗಿದ್ದ ಎಂದು ಮಾತ್ರ ಕೇಳಿದರೆ ನಿಯತ್ತಿನ ಕಥೆ ಸಿಗುತ್ತದೆ. ಬೀಸುವ ಕಲ್ಲಿಗೆ ನಿನ್ನ ಎದುರು ಕೂರುತ್ತಿದ್ದವಳು ಯಾರು ಎಂದು ಕೇಳಿದರೆ ಒಂದು ಹೆಸರು ಸಿಗುತ್ತದೆ. ಆ ಹೆಸರನ್ನು ಬರೆದುಕೊಳ್ಳಬೇಕು. ಜೋಳದ ಋಣ ಉಂಡವರ ತಲೆಯ ಮೇಲಿದೆ. ಅದನ್ನು ತೀರಿಸಬೇಕಾದವರು ನಾವು.